ಎಲೆ ಮಗುಚಿ ನೋಡಿದ ಕಾಲ

ಧನುರ್ಮಾಸದ ಚಳಿ, ಹತ್ತು ಗಂಟೆಯಾದರೂ ಕದಲದ ಮೋಡ, ಚಪ್ಪರದ ಮೇಲೆ ಹೂವಿಗೆ ಬಂದ ಅವರೆ. ಇಷ್ಟು ಕೂಡಿದರೆ ಹೇನು ಬೀಳುತ್ತದೆಂದು ಹಳೇ ಮೈಸೂರಿನ ಹಿತ್ತಲುಗಳಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಸಂಕ್ರಾಂತಿಯ ಆಸುಪಾಸಿಗೆ ಅದು ಈ ಪತ್ರಿಕೆಯ ಅಂಚೆಗೂ ಬೀಳುತ್ತಿತ್ತು. ಮೊದಲು ಕಾರ್ಡಿನಲ್ಲಿ, ಆಮೇಲೆ ನೀಲಿ ಇನ್‌ಲ್ಯಾಂಡಿನಲ್ಲಿ, ಈಗ ಮೊಬೈಲಿನ ಚಿತ್ರವಾಗಿ ಬರುವ ಪ್ರಶ್ನೆ ಒಂದೇ: ದಾಸವಾಳದ ಮೊಗ್ಗಿಗೆ, ಗುಲಾಬಿಯ ಚಿಗುರಿಗೆ, ಅವರೆಯ ಕುಡಿಗೆ ಹೇನು ಮುತ್ತಿದೆ, ಎಲೆ ಸುಡದ ಹಾಗೆ ಅದನ್ನು ತೊಲಗಿಸುವುದು ಹೇಗೆ? ಪ್ರಶ್ನೆ ಅರ್ಧ ಶತಮಾನದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಉತ್ತರ ನಾಲ್ಕೈದು ಸಲ ಬದಲಾಗಿದೆ, ಪ್ರತಿಸಲವೂ ಇದೇ ಕೊನೆಯದೆಂಬ ಭರವಸೆಯೊಡನೆ. ಹಳೆಯ ಸಂಪುಟಗಳ ದೂಳು ಕೊಡವಿ ಆ ಉತ್ತರಗಳನ್ನು ಒಟ್ಟಿಗೆ ಹರವಿಕೊಂಡು ಕೂತಾಗ ಕೆಲವನ್ನು ಓದಿ ಹೆಮ್ಮೆಯಾಯಿತು, ಕೆಲವನ್ನು ಓದಿ ಪುಟ ಮುಚ್ಚಿಬಿಡೋಣ ಅನ್ನಿಸಿತು. ಮುಚ್ಚದೆ ಉಳಿದ ಪುಟಗಳ ಲೆಕ್ಕ ಇದು.

ಮೊದಲಿಗೆ ಬೂದಿ. ಸೌದೆ ಒಲೆಯ ಬೂದಿಯನ್ನು ಜರಡಿ ಹಿಡಿದು, ಎಲೆಯ ಮೇಲೆ ಇಬ್ಬನಿ ಇರುವಾಗಲೇ ಅಜ್ಜಿಯರು ಗಿಡದ ಮೇಲೆ ಉದುರಿಸುತ್ತಿದ್ದರು. ಬಿಸಿಲೇರಿದ ಮೇಲೆ ಹಾಕಿದರೆ ನಿಲ್ಲುವುದಿಲ್ಲ ಎನ್ನುವುದಷ್ಟೇ ಅದರ ಶಾಸ್ತ್ರ. ಅವರೆಯಾದರೆ ಹೇನು ಕವಿದ ಕುಡಿಯನ್ನೇ ಚಿವುಟಿ ದನದ ಬಾನಿಗೆ ಎಸೆಯುತ್ತಿದ್ದರು. ಕುಡಿ ಮುರಿದ ಗಿಡ ಪಕ್ಕಕ್ಕೆ ಕವಲೊಡೆದು ಇನ್ನಷ್ಟು ಸೊಗಸಾಗಿ ಹಬ್ಬುತ್ತಿತ್ತು. ದಾಸವಾಳಕ್ಕೆ ಚೊಂಬಿನ ನೀರನ್ನು ಕೆಳಗಿನಿಂದ ಮೇಲಕ್ಕೆ, ಎಲೆಯ ಬೆನ್ನಿಗೆ ತಗಲುವಂತೆ ರಭಸವಾಗಿ ಎರಚುತ್ತಿದ್ದರು. ಅಂಟುವಾಳ ನೆನೆಸಿದ ನೊರೆನೀರು ರೇಷ್ಮೆ ಸೀರೆಗೂ ಆಗುತ್ತಿತ್ತು, ಗಿಡಕ್ಕೂ ಆಗುತ್ತಿತ್ತು. ಇದಾವುದಕ್ಕೂ ಕಾರಣ ಕೇಳಿದರೆ ಅವರು ಹೇಳುತ್ತಿರಲಿಲ್ಲ, ಆದರೆ ಕಾರಣವಿತ್ತು. ಹೇನಿನದು ಮೇಣದಂಥ ಮೆದು ಮೈ. ಸೂಜಿಯಂಥ ಬಾಯನ್ನು ಗಿಡದ ರಸನಾಳಕ್ಕೆ ಚುಚ್ಚಿಕೊಂಡು ಕೂತಲ್ಲೇ ಕೂರುವ ಜೀವಿ ಅದು. ಒಮ್ಮೆ ನೀರಿನ ಹೊಡೆತಕ್ಕೆ ಕೆಳಗೆ ಬಿದ್ದರೆ ಮತ್ತೆ ಅದೇ ಕುಡಿಗೆ ಹತ್ತುವುದು ಬಹುಪಾಲು ಹೇನುಗಳ ಕೈಲಾಗದ ಕೆಲಸ. ಜೋರು ಮಳೆ ಬಂದ ಮರುದಿನ ಗಿಡ ತಾನಾಗಿ ಚೊಕ್ಕಟವಾಗಿರುತ್ತಿದ್ದುದೂ ಇದಕ್ಕೇ. ಅಜ್ಜಿಯ ಚೊಂಬು ಆ ಮಳೆಯ ಅನುಕರಣೆ.

ಆದರೆ ಆ ಕಾಲಕ್ಕೆ ಚಿನ್ನದ ಗಿಲೀಟು ಹಾಕುವ ಕೆಲಸ ಬೇಡ. ಹೇನು ರಸ ಹೀರುವುದರ ಜೊತೆಗೆ ರೋಗವನ್ನೂ ಹೊತ್ತು ತರುತ್ತದೆ, ಅದಕ್ಕೆ ಬೂದಿಯ ಬಳಿ ಉತ್ತರವಿರಲಿಲ್ಲ. ಮಲೆನಾಡಿನ, ಕೊಡಗಿನ ಏಲಕ್ಕಿ ತೋಟಗಳನ್ನು ಬರಿದು ಮಾಡಿದ ಕಟ್ಟೆ ರೋಗ ಹರಡಿದ್ದು ಹೇನಿನಿಂದ. ಬಾಳೆಯ ಎಲೆಗಳೆಲ್ಲ ತುದಿಯಲ್ಲಿ ಗುಚ್ಛವಾಗಿ ನಿಂತು ಗೊನೆಯನ್ನೇ ಬಿಡದಂತೆ ಮಾಡುವ ರೋಗವೂ ಹೇನಿನದೇ ಕೊಡುಗೆ. ಆಮೇಲಾಮೇಲೆ ಮನೆಯಂಗಳದ ಪರಂಗಿ ಗಿಡಗಳ ಎಲೆ ಚಿಂದಿಯಾಗಿ, ಕಾಯಿಯ ಮೇಲೆ ಉಂಗುರದ ಮಚ್ಚೆ ಮೂಡಿ ಒಂದೊಂದಾಗಿ ಸತ್ತದ್ದು ನೆನಪಿರಬಹುದು. ಆ ನಂಜನ್ನು ಗಿಡದಿಂದ ಗಿಡಕ್ಕೆ ಒಯ್ದದ್ದೂ ಹಾರಿಬಂದ ರೆಕ್ಕೆ ಹೇನು. ಒಂದು ಚುಚ್ಚಿಗೆ ಕೆಲವು ಕ್ಷಣ ಸಾಕು, ರೋಗ ದಾಟಿರುತ್ತದೆ. ಔಷಧಿ ಹೊಡೆದು ಹೇನು ಸಾಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಇನ್ನೊಂದು ಸಂಗತಿಯನ್ನು ಅಜ್ಜಿಯರು ಕಂಡಿದ್ದರೂ ಲೆಕ್ಕ ಹಾಕಿರಲಾರರು. ನಮ್ಮ ಬೆಚ್ಚನೆಯ ಸೀಮೆಯಲ್ಲಿ ಹೆಣ್ಣು ಹೇನಿಗೆ ಗಂಡಿನ ಹಂಗಿಲ್ಲ, ಮೊಟ್ಟೆಯ ಗೊಡವೆಯಿಲ್ಲ. ಅದು ನೇರವಾಗಿ ಮರಿ ಹಾಕುತ್ತದೆ. ಆ ಮರಿಯ ಹೊಟ್ಟೆಯೊಳಗೆ ಹುಟ್ಟುವ ಮೊದಲೇ ಮುಂದಿನ ಮರಿ ಬೆಳೆಯುತ್ತಿರುತ್ತದೆ. ವಾರ, ಹತ್ತು ದಿನಕ್ಕೆ ಮಗಳು ತಾಯಿಯಾಗಿರುತ್ತಾಳೆ. ಸೋಮವಾರ ನಾಲ್ಕಿದ್ದದ್ದು ಮುಂದಿನ ಸೋಮವಾರಕ್ಕೆ ಕುಡಿ ಕಾಣದಷ್ಟಾಗುವುದು ಹೀಗೆ. ಜಾಗ ಸಾಲದಾದಾಗ ರೆಕ್ಕೆ ಮೂಡುವ ಮರಿಗಳು ಹುಟ್ಟಿ, ಬೆಳೆದು ಪಕ್ಕದ ಮನೆಗೆ ಹಾರುತ್ತವೆ.

ಬೂದಿಯ ನಂತರ, ಕೆಲವೆಡೆ ಬೂದಿಯ ಜೊತೆಗೇ, ಹೊಗೆಸೊಪ್ಪು ಬಂತು. ಪಿರಿಯಾಪಟ್ಟಣ, ಹುಣಸೂರಿನ ಕಡೆ ದಂಟು, ಪುಡಿಗೆ ಬರವಿರಲಿಲ್ಲ. 500 ಗ್ರಾಂ ಹೊಗೆಸೊಪ್ಪಿನ ಪುಡಿಯನ್ನು 4.5 ಲೀಟರ್ ನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಹಾಕಿ, 120 ಗ್ರಾಂ ಬಾರ್ ಸೋಪನ್ನು ಬೇರೆ ಕರಗಿಸಿ ಸೇರಿಸಿ, ಆರೇಳು ಪಟ್ಟು ನೀರು ಬೆರೆಸಿ ಹೊಡೆಯುವುದು. ಕೃಷಿ ಪಠ್ಯಗಳಲ್ಲಿ ಇಂದಿಗೂ ಇರುವ ಈ ಕಷಾಯವನ್ನು ನಮ್ಮ ಮೊದಲ ಸಂಪುಟಗಳು ಧಾರಾಳವಾಗಿ ಶಿಫಾರಸು ಮಾಡಿವೆ. ಹೇನು ಅದಕ್ಕೆ ತಕ್ಷಣ ಸಾಯುತ್ತಿತ್ತು, ಎಲೆಗೆ ಅಷ್ಟಾಗಿ ಏನೂ ಆಗುತ್ತಿರಲಿಲ್ಲ. ಸೋಸುವವರಿಗೆ ತಲೆ ಸುತ್ತುತ್ತಿತ್ತು ಎನ್ನುವುದನ್ನು ನಾವು ಬರೆಯಲಿಲ್ಲ. ಟೊಮೆಟೊ, ಮೆಣಸಿನ ಗಿಡಗಳಿಗೆ ಹೊಗೆಸೊಪ್ಪಿನಿಂದಲೇ ಮೊಸಾಯಿಕ್ ನಂಜು ಅಂಟಬಹುದು ಎನ್ನುವುದನ್ನೂ ಬರೆಯಲಿಲ್ಲ. ಆ ದಿನಗಳ ಇನ್ನೊಂದು ಮದ್ದು ಸೀಮೆಎಣ್ಣೆ ಮತ್ತು ಸೋಪು ಕಡೆದ ಬಿಳಿ ದ್ರಾವಣ. ಚೆನ್ನಾಗಿ ಕಡೆದರೆ ಸರಿ. ಕಡೆಯಲು ಬೇಸರಪಟ್ಟವರ ಗಿಡದಲ್ಲಿ ಎಣ್ಣೆ ಮೇಲೆ ತೇಲಿ, ಬಿದ್ದ ಕಡೆಯೆಲ್ಲ ಎಲೆ ಕಂದಿ ಕಾಗದದಂತಾಗುತ್ತಿತ್ತು. 'ಹೇನು ಹೋಯಿತು, ಎಲೆಯೂ ಹೋಯಿತು' ಎಂಬ ದೂರಿನ ಕಾರ್ಡುಗಳು ಆಗಲೇ ಶುರುವಾಗಿದ್ದವು.

ಬಿಳಿ ಪುಡಿಯ ಯುಗ ಅದರ ಬೆನ್ನಿಗೇ ಬಂತು. ಸ್ವಿಟ್ಜರ್‌ಲೆಂಡಿನ ಪಾಲ್ ಮುಲ್ಲರ್ ಡಿಡಿಟಿಗೆ ಕೀಟ ಕೊಲ್ಲುವ ಗುಣವಿದೆಯೆಂದು ಕಂಡುಕೊಂಡದ್ದು 1939ರಲ್ಲಿ. 1948ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮನೆಗಳಿಗೆ ಅದು ಮಲೇರಿಯಾದವರ ಹೆಗಲ ಮೇಲೆ ಬಂತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಸಿಬ್ಬಂದಿ ಹಿತ್ತಾಳೆಯ ಪಂಪು ಹೊತ್ತು ಬಂದು, ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಸೊಳ್ಳೆಗೆ ಆಗುವುದು ಹೇನಿಗೆ ಆಗಬಾರದೇಕೆ ಎಂದು ಯಾರಿಗಾದರೂ ಅನ್ನಿಸಿದ್ದು ಸಹಜ. ಗ್ಯಾಮೆಕ್ಸಿನ್ ಎಂದು ಕರೆಯುತ್ತಿದ್ದ ಬಿಎಚ್‌ಸಿ ಪುಡಿ ಇರುವೆಯ ಗೂಡಿನಿಂದ ಅವರೆಯ ಚಪ್ಪರಕ್ಕೆ, ಅಲ್ಲಿಂದ ಗುಲಾಬಿಯ ಪಾತಿಗೆ ದಾಟಿತು. ಅದರ ಮುಗ್ಗಲು ವಾಸನೆ ಒಂದು ಕಾಲದ ಉಗ್ರಾಣದ ವಾಸನೆಯೇ ಆಗಿತ್ತು. ಮೊದಲ ವರ್ಷದ ಫಲ ಕಣ್ಣು ಕುಕ್ಕುವಂತಿತ್ತು: ಗಿಡದ ಮೇಲೆ ಒಂದು ಹುಳುವಿಲ್ಲ. ಎರಡನೆಯ ಮೂರನೆಯ ವರ್ಷ ಎಲೆಯ ಕೆಳಗೆ ಕೆಂಪು ನುಸಿ ಬಲೆ ನೇಯ್ದು, ಹಸಿರೆಲ್ಲ ಕಂಚಿನ ಬಣ್ಣಕ್ಕೆ ತಿರುಗಿದಾಗ ಇದೆಲ್ಲಿಂದ ಬಂತೆಂದು ಯಾರಿಗೂ ಹೊಳೆಯಲಿಲ್ಲ. ನುಸಿಯನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಸಣ್ಣ ಬೇಟೆಗಾರರೆಲ್ಲ ಬಿಳಿ ಪುಡಿಯಲ್ಲಿ ಸತ್ತಿದ್ದರು. ಇಂಥ ಪುಡಿಗಳ ಹಾನಿಯನ್ನು ಹೇಳಿದ ರೇಚೆಲ್ ಕಾರ್ಸನ್ ಅವರ ಪುಸ್ತಕ 'ಸೈಲೆಂಟ್ ಸ್ಪ್ರಿಂಗ್' 1962ರಲ್ಲೇ ಹೊರಬಂದಿತ್ತು. ಡಿಡಿಟಿಯನ್ನು ನಮ್ಮ ಹೊಲಗಳಿಂದ ಹಿಂದಕ್ಕೆ ತೆಗೆದದ್ದು 1989ರಲ್ಲಿ, ಬಿಎಚ್‌ಸಿಯನ್ನು 1997ರಲ್ಲಿ.

ನಡುವಿನ ವರ್ಷಗಳು ಶೀಶೆಯವು. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ತೆರೆದಿತ್ತು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ. ಹಸಿರು ಕ್ರಾಂತಿಯ ಹುರುಪು ಹೊಲದಿಂದ ಹಿತ್ತಲಿಗೂ ಹರಿಯಿತು. ಮೆಲಾಥಿಯಾನ್, ಡೈಮಿಥೋಯೇಟ್, ಮೊನೊಕ್ರೋಟೋಫಾಸ್ ಎಂಬ ಹೆಸರುಗಳು ಆಕಾಶವಾಣಿಯ ಕೃಷಿರಂಗ ಕೇಳುವ ಮನೆಗಳಲ್ಲಿ ಸಾರು ಪುಡಿಯ ಹೆಸರಿನಷ್ಟೇ ಸಲೀಸಾದವು. 'ಲೀಟರಿಗೆ ಎರಡು ಎಂಎಲ್' ಎಂಬುದು ಮಂತ್ರ. ಮನೆಯಲ್ಲಿ ಎಂಎಲ್ ಅಳೆಯುವ ಸಾಧನವೆಲ್ಲಿತ್ತು? ಶೀಶೆಯ ಮುಚ್ಚಳವೇ ಅಳತೆ, ಒಂದು ಮುಚ್ಚಳ ಸಾಲದೆನ್ನಿಸಿದರೆ ಎರಡು. ಈ ಕಡೆ ಔಷಧಿ ಹೊಡೆಯುವುದು ಎನ್ನುತ್ತೇವೆ, ಉತ್ತರ ಕರ್ನಾಟಕದಲ್ಲಿ ಎಣ್ಣಿ ಹೊಡಿಯೂದು ಅನ್ನುತ್ತಾರೆ. ವಿಷ ಎಂಬ ಮಾತು ಎರಡು ಕಡೆಯೂ ಇಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದ ಗುಲಾಬಿಯ ಸಸಿಯೊಡನೆ ಒಂದು ಕೈಪಂಪನ್ನೂ ಶೀಶೆಯನ್ನೂ ಕೊಂಡು ಬಸ್ಸು ಹತ್ತುವುದು ಮಧ್ಯಮ ವರ್ಗದ ಜನವರಿಯ ಸಂಭ್ರಮವಾಗಿತ್ತು. ಔಷಧಿ ಹೊಡೆದ ಎಷ್ಟು ದಿನಕ್ಕೆ ಸೊಪ್ಪು ಕೀಳಬಹುದು ಎಂಬುದು ಶೀಶೆಯ ಚೀಟಿಯಲ್ಲಿ ಇರುವೆ ಕಾಲಿನ ಅಕ್ಷರದಲ್ಲಿರುತ್ತಿತ್ತು. ನಮ್ಮ ಉತ್ತರಗಳಲ್ಲಿ ಅದೂ ಇರಲಿಲ್ಲ. ಕರಿಬೇವಿನ ಗಿಡಕ್ಕೆ ಡೈಮಿಥೋಯೇಟ್ ಹೇಳಿದ ಒಂದು ಉತ್ತರವನ್ನು ಮೊನ್ನೆ ಓದಿದಾಗ ಈ ಕೈಯೇ ಬರೆದದ್ದೇ ಎಂದು ಮೈ ಜುಮ್ಮೆಂದಿತು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ಹತ್ತು ವರ್ಷ ಯೋಚಿಸಿ, 1968ರಲ್ಲಿ ನಮಗೊಂದು ಕೀಟನಾಶಕ ಕಾಯ್ದೆ ಬಂದಿತ್ತು. ಕಾಯ್ದೆಯ ಮಾತು ಹಿತ್ತಲಿಗೆ ತಲುಪಲಿಲ್ಲ, ಶೀಶೆ ತಲುಪಿತು.

ಎಲೆಗೆ ಏನಾಯಿತು ಎಂದು ಕೇಳಬೇಕು, ಏಕೆಂದರೆ ಪ್ರಶ್ನೆಯಿದ್ದದ್ದು ಎಲೆಯದು. ಮುಚ್ಚಳದ ಅಳತೆಗೆ ಗುಲಾಬಿಯ ಎಲೆಯಂಚು ಸುಟ್ಟು ಕಂದಾಯಿತು, ಕನಕಾಂಬರ ಬಾಡಿತು, ಸೇವಂತಿಗೆಯ ಕೆಳಗಿನ ಎಲೆಗಳು ಉದುರಿದವು. ಹೇನು ಹತ್ತಿದ ಗುಲಾಬಿ ಸಾಯುವುದು ಅಪರೂಪ. ಒಂದಿಷ್ಟು ಕುಡಿ ಮುರುಟುತ್ತದೆ, ಎಲೆ ಮೇಲೆ ಅಂಟು ಬಿದ್ದು ಕಪ್ಪು ಬೂಷ್ಟು ಕೂರುತ್ತದೆ, ಹೂವು ಸ್ವಲ್ಪ ಸಣ್ಣದಾಗುತ್ತದೆ, ಅಷ್ಟೆ. ನಮಗೆ ಬಂದ ಪತ್ರಗಳನ್ನು ನಂಬುವುದಾದರೆ ಹೇನಿನಿಂದ ಸತ್ತ ಗಿಡಕ್ಕಿಂತ ಮದ್ದಿನಿಂದ ಸತ್ತ ಗಿಡವೇ ಹೆಚ್ಚು. ಆದರೂ ಹೇನು ಸತ್ತಿತೇ ಎಂದಷ್ಟೇ ವಿಚಾರಿಸಿ ತೃಪ್ತರಾದೆವು.

ಕರಾವಳಿಯ ಕತೆ ಇದರ ಪಕ್ಕದಲ್ಲೇ ನಡೆಯುತ್ತಿತ್ತು, ಹಿತ್ತಲಿನ ಮಾತಿನಲ್ಲಿ ಅದನ್ನು ಬಿಡುವಂತಿಲ್ಲ. ಹೇನಿಗೂ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಎಂಬ ಅದೇ ಮದ್ದನ್ನು ಗೇರು ತೋಪುಗಳ ಟೀ ಸೊಳ್ಳೆ ಎಂಬ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ಸುರಿಯಲಾಗುತ್ತಿತ್ತು. ಕಾಸರಗೋಡಿನ ಗಡಿಯ ಪಡ್ರೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿವೆಯೆಂದು ಪತ್ರಕರ್ತ ಶ್ರೀಪಡ್ರೆಯವರು 1981ರಲ್ಲೇ ಬರೆದರು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳ ಸಂಕಟ ಸುದ್ದಿಯಾಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಕರ್ನಾಟಕ ಅದನ್ನು ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಮೊದಲ ವರದಿಗೂ ತಡೆಗೂ ನಡುವೆ 30 ವರ್ಷ. ಆ ಮೂವತ್ತು ವರ್ಷವೂ ನಗರದ ಗೊಬ್ಬರದಂಗಡಿಗಳಲ್ಲಿ, ಬದನೆಗೂ ಬೆಂಡೆಗೂ ಹಿತ್ತಲಿನ ಅವರೆಗೂ ಎಂದು ಚಿಕ್ಕ ಶೀಶೆಗಳಲ್ಲಿ ಅದು ಸಿಗುತ್ತಿತ್ತು.

ಇಷ್ಟು ಹೊತ್ತಿಗೆ ಬೇವು ಮರಳಿತು. ಮರಳಿತು ಎನ್ನುವುದೂ ಅಷ್ಟು ಸರಿಯಲ್ಲ, ಅದು ಹೋಗಿದ್ದೇ ಇಲ್ಲ. ಕಾಳಿನ ಪಣತಕ್ಕೆ ಒಣ ಬೇವಿನೆಲೆ ಹಾಕುವುದನ್ನು ನಮ್ಮವರು ಯಾವ ಯುಗದಲ್ಲೂ ಬಿಟ್ಟಿರಲಿಲ್ಲ. 1962ರಲ್ಲಿ ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಅವರ ತಂಡ ಬೇವಿನ ಬೀಜದ ನೀರು ಸಿಂಪಡಿಸಿದ ಬೆಳೆಯನ್ನು ಮಿಡತೆಯ ಹಿಂಡು ಮುಟ್ಟದೆ ಹೋದುದನ್ನು ತೋರಿಸಿತ್ತು. ಆಗ ಯಾರೂ ಕಿವಿಗೊಡಲಿಲ್ಲ. ಅಮೆರಿಕದ ಒಂದು ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆ ಬೇವಿನೆಣ್ಣೆಯ ಶಿಲೀಂಧ್ರನಾಶಕ ಬಳಕೆಗೆ ಯುರೋಪಿನಲ್ಲಿ ಪೇಟೆಂಟು ಪಡೆದಾಗ ನಮಗೆ ನಮ್ಮ ಮರ ನೆನಪಾಯಿತು. ಪೇಟೆಂಟು 2000ದಲ್ಲಿ ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿತ್ತು. ಹೊಡೆದಾಟ ಗೆದ್ದ ಹುರುಪಿನಲ್ಲಿ ಎಲ್ಲರ ಮನೆಗೂ ಬೇವಿನೆಣ್ಣೆ ಬಂತು, ನಮ್ಮ ಉತ್ತರಗಳೂ ಬೇವುಮಯವಾದವು. ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಬೆರೆಸಿ ಹೊಡೆಯುವ ಕಷಾಯ ಈಗಲೂ ನಾವು ನೆಮ್ಮದಿಯಿಂದ ಹೇಳುವ ಮದ್ದು. ಅದು ಹೇನನ್ನು ಆ ಕ್ಷಣಕ್ಕೆ ಕೊಲ್ಲುವುದಿಲ್ಲ. ಮೇಯುವುದನ್ನು ತಗ್ಗಿಸಿ, ಮರಿ ಪೊರೆ ಕಳಚಿ ಬೆಳೆಯುವುದನ್ನು ಕೆಡಿಸುತ್ತದೆ. ಮರುದಿನವೇ ಹೆಣ ನೋಡಬಯಸುವವರಿಗೆ ಇದು ಒಗ್ಗಲಿಲ್ಲ. ಅವರು ಎಣ್ಣೆಯ ಪ್ರಮಾಣ ಏರಿಸಿದರು. ಲೀಟರಿಗೆ 5 ಎಂಎಲ್ ಬೇವಿನೆಣ್ಣೆ ಸಾಕಾಗುವ ಕಡೆ 20 ಹಾಕಿ, ಅದೂ ನಡುಹಗಲ ಬಿಸಿಲಲ್ಲಿ, ತಮ್ಮ ದಾಸವಾಳವನ್ನು ಹುರಿದರು. ಸಾವಯವ ಎಂಬ ಹೆಸರಿದ್ದ ಮಾತ್ರಕ್ಕೆ ಎಲೆ ಕ್ಷಮಿಸುವುದಿಲ್ಲ. ಹೆಸರಘಟ್ಟದವರು ಬೇವಿನ ಸಾಬೂನು, ಹೊಂಗೆಯ ಸಾಬೂನು ರೂಪಿಸಿಕೊಟ್ಟದ್ದು ಈ ದಾರಿಯ ಒಳ್ಳೆಯ ತಿರುವು. ಎಣ್ಣೆ ನೀರಿನಲ್ಲಿ ಬೆರೆಯದ ತಾಪತ್ರಯವನ್ನು ಅದು ತಪ್ಪಿಸಿತು.

ಈ ಅವಲೋಕನದಲ್ಲಿ ಒಂದೇ ಘಟನೆಯ ಬಳಿ ತುಸು ಹೆಚ್ಚು ಹೊತ್ತು ನಿಲ್ಲಬೇಕೆಂದರೆ ಅದು 2002ರದು. ಆ ವರ್ಷದ ಮಳೆಗಾಲದಲ್ಲಿ ಮಹಾರಾಷ್ಟ್ರದ ಸಾಂಗ್ಲಿಯ ಕಬ್ಬಿನ ಗದ್ದೆಗಳಲ್ಲಿ ಎಲೆಯ ಬೆನ್ನಿಗೆ ಹತ್ತಿ ಮೆತ್ತಿದಂತೆ ಬಿಳಿ ಉಣ್ಣೆ ಹೇನು ಕಾಣಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಗಡಿ ದಾಟಿ ಬೆಳಗಾವಿಗೆ, ಬಾಗಲಕೋಟೆಗೆ, ಆಮೇಲೆ ದಕ್ಷಿಣಕ್ಕೂ ಇಳಿಯಿತು. ಮೇಲಿನ ಎಲೆಯ ಹೇನು ಸುರಿಸಿದ ಅಂಟಿಗೆ ಕೆಳಗಿನ ಎಲೆಗಳೆಲ್ಲ ಮಸಿ ಬಳಿದಂತಾದವು. ಆಳೆತ್ತರದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದಾದರೂ ಹೇಗೆ? ಹೊಡೆದವರು ಹೊಡೆದರು, ದುಡ್ಡು ಖರ್ಚಾಯಿತು, ಹೇನು ತಿರುಗಿ ಬಂತು. ಆಗ ಬೆಂಗಳೂರಿನ ಹೆಬ್ಬಾಳದಲ್ಲಿದ್ದ ಜೈವಿಕ ನಿಯಂತ್ರಣ ನಿರ್ದೇಶನಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಸಕ್ಕರೆ ಕಾರ್ಖಾನೆಗಳ ಕ್ಷೇತ್ರ ಸಿಬ್ಬಂದಿ ಬೇರೆಯದೇ ದಾರಿ ಹಿಡಿದರು. ಹೇನಿನ ನಡುವೆಯೇ ಬಲೆ ನೇಯ್ದುಕೊಂಡು ಅದನ್ನೇ ತಿಂದು ಬೆಳೆಯುವ ಡೈಫಾ ಎಂಬ ಪತಂಗದ ಮರಿಹುಳು ಸಿಕ್ಕಿತು. ಕಂದು ಜಾಲರೆಕ್ಕೆಯ ಮೈಕ್ರೋಮಸ್ ಸಿಕ್ಕಿತು. ಹೇನಿನ ಮೈಯೊಳಗೇ ಮೊಟ್ಟೆಯಿಡುವ ಎನ್‌ಕಾರ್ಸಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜವನ್ನು ಅಸ್ಸಾಮಿನಿಂದ ತಂದರು. ಇವುಗಳನ್ನು ಹೊಲದಲ್ಲೇ ಸಾಕಿ, ಹುಳುವಿದ್ದ ಎಲೆಯ ತುಂಡುಗಳನ್ನು ಕತ್ತರಿಸಿ ಪಕ್ಕದ ಊರಿಗೆ ಒಯ್ದು ಕಟ್ಟಿದರು. ಔಷಧಿ ನಿಲ್ಲಿಸಿ ಎಂದು ರೈತರಿಗೆ ಕೈಮುಗಿದು ಹೇಳಿದರು. ಕೆಲವು ವರ್ಷಗಳಲ್ಲಿ ಉಣ್ಣೆ ಹೇನಿನ ಅಬ್ಬರ ಇಳಿಯಿತು. ಅದು ನಿರ್ನಾಮವಾಗಲಿಲ್ಲ, ಈಗಲೂ ಅಲ್ಲಲ್ಲಿ ಇದೆ. ಅದನ್ನು ತಿನ್ನುವವೂ ಇವೆ. ಬೆಂಗಳೂರಿನಲ್ಲಿ ಜೈವಿಕ ನಿಯಂತ್ರಣದ ಕೆಲಸ 1957ರಲ್ಲಿ ಕಾಮನ್‌ವೆಲ್ತ್ ಸಂಸ್ಥೆಯ ಕೇಂದ್ರ ತೆರೆದಾಗಿನಿಂದ ನಡೆದಿತ್ತು, ಅಷ್ಟು ವರ್ಷದ ತಾಳ್ಮೆ ಆ ಒಂದು ಆಪತ್ತಿನಲ್ಲಿ ಕೆಲಸಕ್ಕೆ ಬಂತು. ಒಬ್ಬ ವೀರನಿಲ್ಲದ ಈ ಗೆಲುವಿಗೆ ಸಿಗಬೇಕಾದ ಜಾಗ ನಮ್ಮ ಪತ್ರಿಕೆಗಳಲ್ಲಿ ಸಿಗಲಿಲ್ಲ. ಇದರಲ್ಲಿ ಈ ಪತ್ರಿಕೆಯೂ ಸೇರಿದೆ.

ಕಬ್ಬಿನ ಗದ್ದೆ ಈ ಪಾಠ ಹೇಳುತ್ತಿದ್ದಾಗಲೇ ನಗರದ ನರ್ಸರಿಗಳಲ್ಲಿ ಇನ್ನೊಂದು ಶೀಶೆ ಕಪಾಟು ಹತ್ತಿತ್ತು. ಇಮಿಡಾಕ್ಲೋಪ್ರಿಡ್. ಲೀಟರಿಗೆ ಕಾಲು, ಅರ್ಧ ಎಂಎಲ್ ಸಾಕು, ವಾಸನೆಯಿಲ್ಲ, ಎಲೆ ಸುಡುವುದಿಲ್ಲ, ಗಿಡದ ರಸದೊಳಗೇ ಸೇರಿಕೊಂಡು ವಾರಗಟ್ಟಲೆ ಕಾಯುತ್ತದೆ. ಎಲೆಗೆ ಹಾನಿಯಿಲ್ಲದೆ ಹೇನು ಹೋಗಬೇಕೆಂದು ಕೇಳಿದ ಓದುಗರಿಗೆ ಇಷ್ಟು ಸಮರ್ಪಕವಾದ ಉತ್ತರ ಹಿಂದೆಂದೂ ಸಿಕ್ಕಿರಲಿಲ್ಲ. ಅದರ ಕುಲ ಕೇಳಿದರೆ ಸೋಜಿಗವಾಗುತ್ತದೆ: ಅದು ನಿಕೋಟಿನ್ನಿನ ಮಾದರಿಯಲ್ಲೇ ಕೀಟದ ನರಕ್ಕೆ ತಗಲುವ ವಸ್ತು. ಅಜ್ಜನ ಹೊಗೆಸೊಪ್ಪಿನ ಕಷಾಯ ಪ್ರಯೋಗಾಲಯ ಸುತ್ತಿ, ಕೋಟು ತೊಟ್ಟು ಮೊಮ್ಮಗನ ಮನೆಗೆ ಬಂದಿತ್ತು. ಗಿಡದ ರಸದಲ್ಲಿ ಸೇರುವುದು ಹೂವಿನ ಮಕರಂದಕ್ಕೂ ಪರಾಗಕ್ಕೂ ಸೇರುತ್ತದೆ ಎಂಬುದು ನಿಧಾನವಾಗಿ ತಿಳಿಯಿತು. ಜೇನುನೊಣದ ಕಾರಣಕ್ಕೆ ಐರೋಪ್ಯ ಒಕ್ಕೂಟ 2018ರಲ್ಲಿ ಬಯಲಿನಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ನಮ್ಮಲ್ಲಿ ಅದು ಗುಲಾಬಿಯ ಕುಂಡದ ಪಕ್ಕದಲ್ಲೇ ಇದೆ. ಎಲೆ ಹೊಳೆಯುತ್ತದೆ, ಹೂವೂ ಅರಳುತ್ತದೆ, ಹೂವಿಗೆ ಬಂದ ಕೋಲುಜೇನು ಏನಾಯಿತೆಂದು ನೋಡಲು ಯಾರೂ ಅಲ್ಲಿ ನಿಂತಿರುವುದಿಲ್ಲ.

ಹಿತ್ತಲು ತಾರಸಿಗೆ ಹತ್ತಿದ್ದು ಇದೇ ಕಾಲದಲ್ಲಿ. ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ಅವರು ಬೆಂಗಳೂರಿನ ಗೃಹಿಣಿಯರಿಗೂ ನಿವೃತ್ತರಿಗೂ ತಾರಸಿಯ ಮೇಲೆ ವಿಷವಿಲ್ಲದೆ ತರಕಾರಿ ಬೆಳೆಯುವುದನ್ನು ಕಲಿಸಿದರು. ಅವರಿಂದ ಕಲಿತವರು ಇಂದು ಬೇರೆಯವರಿಗೆ ಕಲಿಸುತ್ತಿದ್ದಾರೆ. ಇದು ನಮ್ಮ ಲೆಕ್ಕದ ದೊಡ್ಡ ಗಳಿಕೆ. ಆದರೆ ತಾರಸಿಯ ಹೇನಿಗೆ ತಾರಸಿಯ ಕಷ್ಟಗಳಿವೆ. ಕೈಗೆ ಸಿಗುವುದು ಪಾತ್ರೆ ತೊಳೆಯುವ ದ್ರವ, ಬಟ್ಟೆಯ ಪುಡಿ. ಈ ಬಾಬಿನಲ್ಲಿ ನಮ್ಮದೇ ತಪ್ಪೊಪ್ಪಿಗೆಯಿದೆ. ಎಂಬತ್ತರ ದಶಕದಲ್ಲಿ 'ಬಟ್ಟೆ ಒಗೆಯುವ ಯಾವ ಪುಡಿಯಾದರೂ ಸರಿ, ಒಂದು ಚಮಚ' ಎಂದು ಬರೆದೆವು. ಮುಂದಿನ ತಿಂಗಳು ಬಂದ ಪತ್ರಗಳನ್ನು ಕಟ್ಟಿಡಲು ದಾರ ಸಾಲಲಿಲ್ಲ. ಸೋಪು ಬೇರೆ, ಡಿಟರ್ಜೆಂಟು ಬೇರೆ ಎಂಬ ಸರಳ ಸಂಗತಿ ನಮಗೆ ಗೊತ್ತಿರಲಿಲ್ಲ. ಡಿಟರ್ಜೆಂಟು ಜಿಡ್ಡು ತೆಗೆಯುವ ಹಾಗೆ ಎಲೆಯ ಮೇಲಿನ ಮೇಣದ ಪದರವನ್ನೂ ತೆಗೆಯುತ್ತದೆ. ಆ ಪದರ ಹೋದ ಎಲೆ ಬಿಸಿಲಿಗೆ ನಿಲ್ಲಲಾರದು. ಈಗ ಅಡುಗೆ ಸೋಡ, ವಿನೆಗರು, ಶಾಂಪೂ ಎಂದು ದಿನಕ್ಕೊಂದು ಮದ್ದು ಮೊಬೈಲಿಗೆ ಬರುತ್ತದೆ, ಬೆನ್ನಿಗೇ ಕಂದಿದ ಎಲೆಯ ಚಿತ್ರವೂ ಬರುತ್ತದೆ.

ಇಷ್ಟು ವರ್ಷದ ಪತ್ರಗಳಿಂದ ನಾವೇ ಕಲಿತದ್ದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಮೊದಲು ನೀರು: ಪೈಪಿನ ಬಾಯಿಯನ್ನು ಬೆರಳಿಂದ ಒತ್ತಿ, ಇನ್ನೊಂದು ಕೈಯಲ್ಲಿ ಕುಡಿಯನ್ನು ಹಿಡಿದು, ಎಲೆಯ ಬೆನ್ನಿಗೆ, ಬೆಳಿಗ್ಗೆ, ಎರಡು ಮೂರು ದಿನಕ್ಕೊಮ್ಮೆ. ಅದಕ್ಕೂ ಜಗ್ಗದಿದ್ದರೆ ಲೀಟರಿಗೆ 5 ಗ್ರಾಂ ಮೃದು ಸಾಬೂನು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ಒಡೆದು ಕೆನೆಯಂತೆ ತೇಲುತ್ತದೆ, ಹೇನಿಗೂ ನಾಟದು, ಎಲೆಗೂ ಮೆತ್ತಿಕೊಳ್ಳುತ್ತದೆ. ಕಾವೇರಿ ನೀರೋ ಮಳೆ ನೀರೋ ಇದ್ದರೆ ಅದನ್ನೇ ಬಳಸಬೇಕು. ಸಾಬೂನು ಒದ್ದೆಯಿರುವಷ್ಟು ಹೊತ್ತು, ಮೈಗೆ ತಾಗಿದ ಹೇನನ್ನು ಮಾತ್ರ ಕೊಲ್ಲುತ್ತದೆ, ಆರಿದ ಮೇಲೆ ಅದಕ್ಕೆ ಬಲವಿಲ್ಲ. ಆದ್ದರಿಂದ ಹೊತ್ತು ಇಳಿದ ಮೇಲೆ ಹೊಡೆದು, ಒಂದೆರಡು ಗಂಟೆ ಬಿಟ್ಟು ತಿಳಿನೀರಿನಲ್ಲಿ ತೊಳೆಯುವುದು. ಯಾವ ಮದ್ದನ್ನೇ ಆಗಲಿ ಮೊದಲು ಒಂದು ಕೊಂಬೆಗೆ ಹೊಡೆದು ಒಂದು ದಿನ ಕಾಯಬೇಕು. ನೀರಿಲ್ಲದೆ ಬಾಡಿದ ಗಿಡಕ್ಕೆ, ಈಗಷ್ಟೇ ಕುಂಡ ಬದಲಿಸಿದ ಸಸಿಗೆ, ಜರಿಗಿಡದಂಥ ತೆಳು ಎಲೆಗೆ ಏನನ್ನೂ ಹೊಡೆಯದಿರುವುದೇ ಲೇಸು. ಯೂರಿಯಾ ಹಾಕಿ ಕೊಬ್ಬಿಸಿದ ಚಿಗುರಿಗೆ ಹೇನು ಹುಡುಕಿಕೊಂಡು ಬರುತ್ತದೆ. ಗಿಡದ ಬುಡದಿಂದ ಇರುವೆಯ ಸಾಲು ಹತ್ತುತ್ತಿದ್ದರೆ ಮೊದಲು ಆ ದಾರಿ ತಡೆಯಬೇಕು. ಸಿಹಿ ಅಂಟಿನ ಆಸೆಗೆ ಇರುವೆ ಹೇನಿಗೆ ಕಾವಲು ನಿಲ್ಲುತ್ತದೆ, ಹೇನು ತಿನ್ನಲು ಬಂದ ಹುಳುವನ್ನು ಅಟ್ಟುತ್ತದೆ.

ಕಾಯ್ದೆಯ ಲೆಕ್ಕವನ್ನು ಚುಟುಕಾಗಿ ಮುಗಿಸಬಹುದು. ಫೋರೇಟ್, ಟ್ರಯಾಜೋಫಾಸ್, ಡೈಕ್ಲೋರ್‌ವಾಸ್‌ನಂಥವು 2020ರ ಕೊನೆಗೆ ನಿಂತವು. ಆ ವರ್ಷವೇ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಬಿತ್ತು. 2023ರ ಅಂತಿಮ ಆದೇಶದ ಹೊತ್ತಿಗೆ ಪೂರ್ತಿ ನಿಷೇಧವಾದವು ಬೆರಳೆಣಿಕೆಯಷ್ಟು, ಉಳಿದ ಕೆಲವಕ್ಕೆ ಬೆಳೆಯ ಮಿತಿ. ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಡೈಮಿಥೋಯೇಟ್ ಬೇಡವೆಂದು ಆಗ ಹೇಳಲಾಯಿತು. ನಾವು ಕರಿಬೇವಿಗೆ ಹೇಳಿ ಎಷ್ಟೋ ದಶಕಗಳಾಗಿದ್ದವು. 1968ರ ಕಾಯ್ದೆಯ ಜಾಗಕ್ಕೆ ಹೊಸದನ್ನು ತರುವ ಮಸೂದೆ 2008ರಲ್ಲೂ ಮಂಡನೆಯಾಗಿತ್ತು, 2020ರಲ್ಲೂ ಆಯಿತು.

ಕಳೆದುಕೊಂಡದ್ದರ ಪಟ್ಟಿ ಮಾಡಲು ಹೊರಟರೆ ಮೊದಲು ಬರುವುದು ಬೇಲಿ. ಹಿತ್ತಲಿನ ಬೇಲಿಯಲ್ಲಿ ಎಕ್ಕ ಇರುತ್ತಿತ್ತು, ಅದರ ಕುಡಿಯ ತುಂಬ ಅರಿಸಿನ ಬಣ್ಣದ ಹೇನಿರುತ್ತಿತ್ತು. ಆ ಹೇನು ಎಕ್ಕದ ಬಳಗವನ್ನು ಬಿಟ್ಟು ಅವರೆಗೆ ಬರುವುದಲ್ಲ. ಆದರೆ ಅದನ್ನು ತಿಂದು ಬೆಳೆದ ಗುಲಗಂಜಿ ಹುಳು ಅವರೆಗೆ ಬರುತ್ತಿತ್ತು. ಬೇಲಿ ನಮಗೆ ಗೊತ್ತಿಲ್ಲದೆಯೇ ನಮ್ಮ ಸೇನೆಯನ್ನು ಸಾಕುತ್ತಿತ್ತು. ಬೇಲಿ ಹೋಗಿ ಕಾಂಪೌಂಡು ಬಂತು, ಕಾಂಪೌಂಡಿನ ಒಳಗೂ ಹೊರಗೂ ಸಿಮೆಂಟು ಬಂತು. ಮರಿಗಳ ಬಾಯಿಗೆ ಹೇನು ಕೊಂಡೊಯ್ಯುತ್ತಿದ್ದ ಗುಬ್ಬಚ್ಚಿ ಸೂರಿನೊಡನೆ ಹೋಯಿತು. ಗ್ಯಾಸು ಬಂದು ಬೂದಿ ಹೋಯಿತು, ಅದರ ಬಗ್ಗೆ ಅಳಬೇಕಾದ್ದಿಲ್ಲ, ಹೊಗೆಯಲ್ಲಿ ಕಣ್ಣು ಕಳೆದುಕೊಂಡವರೂ ಅದೇ ಅಜ್ಜಿಯರು. ಎಲೆಯನ್ನು ಮಗುಚಿ ನೋಡುವ ಬೆರಳಿನ ಅಭ್ಯಾಸ ಹೋದದ್ದಕ್ಕೆ ಮಾತ್ರ ಸಮಾಧಾನ ಸಿಗುವುದಿಲ್ಲ. ಹೇನು ಕಂಡ ಒಂದೆರಡು ವಾರದಲ್ಲಿ ಅದನ್ನು ತಿನ್ನುವವು ತಾವಾಗಿ ಬರುತ್ತವೆ. ನಾವು ಮೂರನೆಯ ದಿನವೇ ಪಂಪು ಹಿಡಿಯುತ್ತೇವೆ. ಬಂದವುಗಳ ಗುರುತೂ ನಮಗಿಲ್ಲ. ಕೆಂಪು ಬೆನ್ನಿನ ಗುಲಗಂಜಿ ಹುಳುವನ್ನು ಮಕ್ಕಳೂ ಬಲ್ಲರು. ಅದರ ಮರಿಯನ್ನು, ಕಪ್ಪು ಮೈಯ ಮೇಲೆ ಹಳದಿ ಚುಕ್ಕೆಯ, ಪುಟ್ಟ ಮೊಸಳೆಯಂಥ ಮರಿಯನ್ನು ದೊಡ್ಡವರೂ ಅರಿಯರು. ಹೇನಿಗಿಂತ ಮೊದಲು ಹೊಸಕುವುದು ಅದನ್ನೇ. ನೂರಾರು ಹೇನು ತಿನ್ನಬೇಕಿದ್ದ ಬಾಯಿ ಅದು.

ಈ ಬರಹ ಮುಗಿಸುವ ಹೊತ್ತಿಗೆ ಕಚೇರಿಯ ಮುಂದಿನ ಕುಂಡದ ದಾಸವಾಳಕ್ಕೂ ಹೇನು ಬಿದ್ದಿದೆ. ಅಂಚೆ ವಿಭಾಗದ ಹುಡುಗಿ ಪೈಪು ಹಿಡಿದು ಹೋದವಳು ಹಾಗೇ ವಾಪಸು ಬಂದಳು. 'ಸಾರ್, ಮೂರನೇ ಮೊಗ್ಗಿನ ಹತ್ತಿರ ಮೊಸಳೆ ಇದೆ' ಎಂದಳು. ಹೋಗಿ ನೋಡಿದೆವು. ಒಂದಲ್ಲ, ನಾಲ್ಕಿದ್ದವು. ಪಕ್ಕದ ಎಲೆಯ ಬೆನ್ನಿನಲ್ಲಿ ಒಂದಿಷ್ಟು ಹೇನುಗಳು ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಒಣಗಿ ಅಂಟಿಕೊಂಡಿದ್ದವು. ಒಂದರ ಬೆನ್ನಿನಲ್ಲಿ ಸೂಜಿಮೊನೆಯಷ್ಟು ದುಂಡನೆಯ ತೂತು, ಒಳಗಿದ್ದ ಕಣಜ ಕೊರೆದುಕೊಂಡು ಹಾರಿಹೋಗಿತ್ತು. ಬುಡದಲ್ಲಿ ಇರುವೆಯ ಸಾಲಿತ್ತು, ಅದಕ್ಕೆ ನೀರು ಬಿಟ್ಟೆವು. ಮೇಲಿನ ಎರಡು ಮೊಗ್ಗು ಈ ಸಲ ಅರಳಲಿಕ್ಕಿಲ್ಲ.